ಬಿತ್ತಿ ಮೂರು ತಿಂಗಳಾಯಿತು, ಹೂಜಿ ಗಿಡದ ಒಂದು ಬೀಜವೂ ಮೊಳೆತಿಲ್ಲ. ಎಲ್ಲಿ ತಪ್ಪಿದೆ?

ಕಿಟಕಿಬಳ್ಳಿ:
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಇವತ್ತು ತಲೆ ಕೆಟ್ಟು ಬರೆಯುತ್ತಿದ್ದೇನೆ.

ನನ್ನ ಹತ್ತಿರ ಎರಡು ನೆಪೆಂಥಿಸ್ ವೆಂಟ್ರಾಟಾ (ಹುಳ ಹಿಡಿಯುವ ಹೂಜಿ ಗಿಡದ ಒಂದು ಬಗೆ) ಇವೆ. ನಾಲ್ಕು ವರ್ಷದ ಗಿಡಗಳು, ಕಿಟಕಿಯ ಕಂಬಿಗೆ ಹಬ್ಬಿಕೊಂಡಿವೆ. ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ ಅಂತ ಓದಿದ್ದೆ, ಅದಕ್ಕೇ ಜೋಡಿಯಾಗಿ ತಂದಿದ್ದು. ಹೋದ ಸಲ ಎರಡೂ ಒಟ್ಟಿಗೆ ಹೂಬಿಟ್ಟವು. ಬಣ್ಣ ಹಚ್ಚುವ ಸಣ್ಣ ಬ್ರಷ್ ಹಿಡಿದು ಇದರಿಂದ ಅದಕ್ಕೆ, ಅದರಿಂದ ಇದಕ್ಕೆ ಹದಿನೈದು ದಿನ ಬೆಳಿಗ್ಗೆ ಸಂಜೆ ಸವರಿದೆ. ಕಾಯಿ ಕಟ್ಟಿತು! ಊದಿಕೊಂಡಿತು, ಕಂದು ಬಣ್ಣಕ್ಕೆ ತಿರುಗಿತು, ಒಡೆಯಿತು. ಒಳಗೆ ಕೂದಲಿನಂಥ ಬೀಜ. ಅವತ್ತು ನನಗೆ ಆದ ಖುಷಿ ಕೇಳಬೇಡಿ.

ಸ್ಫ್ಯಾಗ್ನಮ್ ಪಾಚಿಯ ಮೇಲೆ ಉದುರಿಸಿ, ಮುಚ್ಚಳ ಇರುವ ಡಬ್ಬಿಯಲ್ಲಿಟ್ಟು, ಮಳೆನೀರು ಚಿಮುಕಿಸಿದೆ. ಮೂರು ತಿಂಗಳಾಯಿತು. ಪಾಚಿ ಮಾತ್ರ ಸೊಗಸಾಗಿ ಬೆಳೆದಿದೆ. ಈಗ ಒಂದು ಗಿಡದಲ್ಲಿ ಮತ್ತೆ ಹೂದಂಟು ಬರುತ್ತಿದೆ. ಈ ಸಲವಾದರೂ ಸರಿಯಾಗಿ ಮಾಡಬೇಕು. ದಯವಿಟ್ಟು ಹೇಳಿ.

ಪಾಚಿಪುಟ್ಟ:
ಇನ್ನೂ ಕಾಯಿರಿ. ನನ್ನವು ಒಮ್ಮೆ ನಾಲ್ಕು ತಿಂಗಳಿಗೆ ಮೊಳೆತಿದ್ದವು.

ತೋಟದಕ್ಕ:
ಕಾಯೋದು ಆಮೇಲೆ. ಮೊದಲು ಒಂದು ಪ್ರಶ್ನೆ. ಹೂವಿನ ನಡುವೆ ಏನಿತ್ತು? ಎರಡೂ ಗಿಡದಲ್ಲಿ ಒಂದೇ ಥರ ಇತ್ತಾ, ಬೇರೆ ಬೇರೆ ಇತ್ತಾ?

ಕಿಟಕಿಬಳ್ಳಿ:
ಒಂದೇ ಥರ ಅಕ್ಕ. ನಾಲ್ಕು ಪುಟ್ಟ ದಳ, ನಡುವೆ ದಪ್ಪಗೆ ಹಸಿರು ಗುಬುಟು, ಅದರ ತುದಿ ಅಂಟಂಟು. ದಳಗಳ ಮೇಲೆ ಹೊಳೆಯುವ ಹನಿ ಇರುತ್ತಿತ್ತು. ಅದನ್ನೇ ಬ್ರಷ್ಷಿಗೆ ತಾಗಿಸಿಕೊಂಡು ಸವರಿದ್ದು.

ಮುಚ್ಚಳ:
ಅಯ್ಯೋ. ಎರಡೂ ಹೆಣ್ಣು ಕಣ್ರೀ. ನೀವು ಹದಿನೈದು ದಿನ ಸವರಿದ್ದು ಪರಾಗ ಅಲ್ಲ, ಮಕರಂದ.

ಪಾಚಿಪುಟ್ಟ:
ಸರಿ, ನನ್ನ ಮಾತು ವಾಪಸ್. ಕಾಯಬೇಡಿ.

ಕಿಟಕಿಬಳ್ಳಿ:
ಏನು? ಆದರೆ ಮಾರಿದವರು ‘ಜೋಡಿ’ ಅಂತಲೇ ಕೊಟ್ಟರಲ್ಲ!

ತೋಟದಕ್ಕ:
ಎರಡು ಕುಂಡ ಇದ್ದರೆ ಅದೂ ಜೋಡಿಯೇ, ಅವರ ಲೆಕ್ಕದಲ್ಲಿ.

ನೋಡಿ, ಹೂಬಿಡುವ ತನಕ ಕಣ್ಣಿಗೆ ಕಂಡು ಗಂಡೋ ಹೆಣ್ಣೋ ಹೇಳುವ ದಾರಿಯೇ ಇಲ್ಲ. ಎಲೆ ನೋಡಿ ಹೇಳುತ್ತೇನೆ, ಹೂಜಿಯ ಬಣ್ಣ ನೋಡಿ ಹೇಳುತ್ತೇನೆ ಅನ್ನುವವರನ್ನು ನಂಬಬೇಡಿ. ಹೂಬಿಟ್ಟ ಮೇಲೆ ಮಾತ್ರ ಒಂದೇ ನೋಟ ಸಾಕು. ಗಂಡು ಹೂವಿನ ನಡುವೆ ತೆಳ್ಳನೆಯ ಒಂದು ಕಡ್ಡಿ, ಅದರ ತುದಿಗೆ ಗುಂಡುಪಿನ್ನಿನ ತಲೆಯಂಥ ಉಂಡೆ. ಅದು ಬಿರಿದಾಗ ಹಳದಿ ಪುಡಿ. ಹೆಣ್ಣಿನಲ್ಲಿ ಕಡ್ಡಿ ಇಲ್ಲ, ಉಬ್ಬಿದ ಅಂಡಾಶಯ, ಅದರ ನೆತ್ತಿಯ ಮೇಲೆ ನಾಲ್ಕು ಹೋಳಿನ ಸ್ಟಿಗ್ಮಾ, ಅಂದರೆ ಪರಾಗ ಅಂಟುವ ಜಾಗ. ನೀವು ಹೇಳಿದ ಗುಬುಟು ಅದೇ.

ಇನ್ನೊಂದು ವಿಷಯ. ಅಂಗಡಿಗೆ ಬರುವ ವೆಂಟ್ರಾಟಾ ಬಹುಪಾಲು ಟಿಶ್ಯೂ ಕಲ್ಚರ್ ಗಿಡ. ಒಂದೇ ತಾಯಿಯ ತುಣುಕುಗಳನ್ನು ಬಾಟಲಿಯಲ್ಲಿ ಸಾವಿರಗಟ್ಟಲೆ ಮಾಡಿರುತ್ತಾರೆ. ತಾಯಿ ಹೆಣ್ಣಾದರೆ ಎಲ್ಲವೂ ಹೆಣ್ಣು. ಒಂದೇ ಕಡೆಯಿಂದ ಹತ್ತು ಕುಂಡ ತಂದರೂ ಅದು ಹತ್ತು ಸಲ ಅದೇ ಗಿಡ. ಕಟಿಂಗ್‌ಗೂ ಇದೇ ಮಾತು. ಜೋಡಿ ಬೇಕು ಅಂದರೆ ಬೀಜದಿಂದ ಬೆಳೆದ ಸಸಿಗಳನ್ನು ನಾಲ್ಕೈದು ತರಬೇಕು, ಇಲ್ಲ ಹೂಬಿಟ್ಟು ಲಿಂಗ ಗೊತ್ತಾದ ಗಿಡದ ಕಟಿಂಗ್ ಬೇಡಬೇಕು.

ಹೊಸಬ:
ಒಂದು ನಿಮಿಷ, ಹೂಜಿಯೇ ಹೂವಲ್ವಾ?

ಮುಚ್ಚಳ:
ಅಲ್ಲ. ಹೂಜಿ ಎಲೆಯ ತುದಿ. ಎಲೆಯಿಂದ ಬಳ್ಳಿಯ ಎಳೆ ಇಳಿದು, ಅದರ ತುದಿ ಊದಿ ಹೂಜಿ ಆಗುತ್ತದೆ. ಹೂವು ಬೇರೆಯೇ, ಬಳ್ಳಿಯ ನೆತ್ತಿಯಿಂದ ಮೇಲೆದ್ದ ದಂಟಿನಲ್ಲಿ. ಎಷ್ಟು ಸಪ್ಪೆ ಅಂದರೆ ಮೊದಲ ಸಲ ನೋಡಿದಾಗ ನನಗೆ ಮೋಸ ಹೋದ ಹಾಗೆ ಅನ್ನಿಸಿತ್ತು.

ಕಿಟಕಿಬಳ್ಳಿ:
ಆದರೆ ಗಂಡೇ ಇಲ್ಲದೆ ಕಾಯಿ ಊದಿದ್ದು ಹೇಗೆ? ಬೀಜವೂ ಇತ್ತಲ್ಲ?

ಸಾಲುಬೀಜ:
ಜೊಳ್ಳು. ಭತ್ತದಲ್ಲಿ ಜೊಳ್ಳು ಇರುವುದಿಲ್ಲವೇ, ಹಾಗೆ. ಪರಾಗ ಬೀಳದಿದ್ದರೂ ಕೆಲವು ಗಿಡಗಳ ಕಾಯಿ ಸ್ವಲ್ಪ ಊದಿ, ಒಣಗಿ, ಒಡೆಯುತ್ತದೆ. ನನಗೂ ಹಾಗೆ ಆಗಿದೆ. ಉಳಿದ ಬೀಜ ಇದ್ದರೆ ಒಂದನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ನೆಪೆಂಥಿಸ್ ಬೀಜ ಎರಡೂ ತುದಿಗೆ ಉದ್ದ ಬಾಲ ಇರುವ ದಾರ. ಗಾಳಿಯಲ್ಲಿ ತೇಲಿಹೋಗಲಿ ಅಂತ ಆ ಬಾಲ. ಗಟ್ಟಿ ಬೀಜವಾದರೆ ಸರಿಯಾಗಿ ನಡುವೆ ಒಂದು ಗಂಟು, ಅದೇ ಭ್ರೂಣ. ಗಂಟಿಲ್ಲದೆ ಉದ್ದಕ್ಕೂ ಒಂದೇ ಸಪೂರ ಇದ್ದರೆ ಅದರಲ್ಲಿ ಏನೂ ಇಲ್ಲ.

ಕಿಟಕಿಬಳ್ಳಿ:
ನೋಡಿದೆ. ಗಂಟಿಲ್ಲ. ಇಪ್ಪತ್ತು ಬೀಜ ನೋಡಿದೆ, ಒಂದರಲ್ಲೂ ಇಲ್ಲ. ಮೂರು ತಿಂಗಳು ದಾರಕ್ಕೆ ನೀರು ಹಾಕಿದ್ದೇನೆ.

ಹಬ್ಬುಬಳ್ಳಿ77:
ಧೈರ್ಯಗೆಡಬೇಡಿ. ನೆಪೆಂಥಿಸ್ ಲಿಂಗ ಬದಲಿಸುತ್ತದೆ. ನನ್ನ ಗಿಡ ಒಂದು ವರ್ಷ ಹೆಣ್ಣು ಹೂ, ಮರುವರ್ಷ ಗಂಡು ಹೂ ಬಿಟ್ಟಿತ್ತು.

ಸಾಲುಬೀಜ:
ಸಾರ್, ಇದನ್ನು ನಾನು ಒಪ್ಪಲ್ಲ. ಇವುಗಳಲ್ಲಿ ನಮ್ಮ ಹಾಗೇ ಎಕ್ಸ್-ವೈ ವರ್ಣತಂತು ಇವೆ, ಗಂಡಿಗೆ ವೈ. 2019ರಲ್ಲಿ ಅದು ಪ್ರಕಟವಾಗಿದೆ. ವರ್ಷಕ್ಕೊಮ್ಮೆ ಬದಲಾಗುವ ವಿಷಯವಲ್ಲ.

ಹಬ್ಬುಬಳ್ಳಿ77:
ಪುಸ್ತಕದ ಮಾತು ಪುಸ್ತಕಕ್ಕೆ. ನಾನು ಕಣ್ಣಾರೆ ನೋಡಿದ್ದು.

ಮುಚ್ಚಳ:
ಕುಂಡದ ಬುಡದಲ್ಲಿ ಎಷ್ಟು ಕಾಂಡ ಇವೆ?

ಹಬ್ಬುಬಳ್ಳಿ77:
ಮೂರು. ಯಾಕೆ?

ಮುಚ್ಚಳ:
ಮೂರೂ ಒಂದೇ ಬೇರಿನಿಂದ ಬಂದಿವೆಯಾ, ಬಗೆದು ನೋಡಿದ್ದೀರಾ?

ಹಬ್ಬುಬಳ್ಳಿ77:
(ಮರುದಿನ) ಬಗೆದು ನೋಡಿದೆ. ಎರಡು ಗಿಡ. ಸಸಿ ತರುವಾಗಲೇ ಎರಡನ್ನು ಒತ್ತಾಗಿ ನೆಟ್ಟಿದ್ದರು ಅಂತ ಕಾಣುತ್ತದೆ. ಇನ್ನು ನಗಬೇಡಿ.

ಪಾಚಿಪುಟ್ಟ:
ನಗಲ್ಲ. ಆದರೆ ಇಲ್ಲಿ ಎಲ್ಲರೂ ಜೋಡಿಗಾಗಿ ಅಲೆಯುವಾಗ ನೀವೊಬ್ಬರು ಜೋಡಿಯನ್ನು ಒಂದೇ ಕುಂಡದಲ್ಲಿ ಇಟ್ಟುಕೊಂಡು ಗೊತ್ತಿಲ್ಲದೆ ಕೂತಿದ್ದೀರಿ!

ತೋಟದಕ್ಕ:
ಸರಿ, ಕಿಟಕಿಬಳ್ಳಿಯ ವಿಷಯಕ್ಕೆ ಬರೋಣ. ಹೆಣ್ಣು ಗಿಡ ಸಿಕ್ಕಿರುವುದು ನಿಜವಾಗಿ ಅದೃಷ್ಟ. ಬೆಳೆಸುವವರ ಕೈಯಲ್ಲಿ ಗಂಡೇ ಜಾಸ್ತಿ ಕಾಣುವುದು. ಪರಾಗವನ್ನು ಯಾರಿಂದಲಾದರೂ ಲಕೋಟೆಯಲ್ಲಿ ತರಿಸಿಕೊಳ್ಳಬಹುದು. ಹೆಣ್ಣನ್ನು ಹಾಗೆ ತರಿಸಲು ಆಗುತ್ತಾ?

ಪರಾಗ ಕೈಗೆ ಬಂದ ಮೇಲೆ ಹೀಗೆ ಮಾಡಿ. ಹೂವು ಕೆಳಗಿನಿಂದ ಮೇಲಕ್ಕೆ ಬಿರಿಯುತ್ತಾ ಹೋಗುತ್ತದೆ, ಇಡೀ ದಂಟು ಮುಗಿಯಲು ಎರಡು ಮೂರು ವಾರ. ದಿನಾ ಬೆಳಿಗ್ಗೆ ನೋಡಿ. ಸ್ಟಿಗ್ಮಾ ಒದ್ದೆಯಾಗಿ ಹೊಳೆಯುತ್ತಿದ್ದರೆ ಅದು ತಯಾರು. ಕಂದಾಗಿ ಒಣಗಿದ್ದರೆ ಹೊತ್ತು ಮೀರಿತು. ಬ್ರಷ್ ಎತ್ತಿಡಿ. ಬ್ರಷ್ಷಿನ ಕೂದಲ ಸಂದಿಗೆ ಸೇರಿಕೊಂಡ ಪರಾಗ ಹೊರಗೆ ಬರುವುದೇ ಇಲ್ಲ. ಹಲ್ಲುಕಡ್ಡಿಯ ತುದಿಯಿಂದ ಚಿಟಿಕೆಗಿಂತ ಕಮ್ಮಿ ಪುಡಿ ತೆಗೆದು ಸ್ಟಿಗ್ಮಾಕ್ಕೆ ಒತ್ತಿ. ತಾಜಾ ಗಂಡು ಹೂವೇ ಇದ್ದರೆ ಇನ್ನೂ ಸುಲಭ: ಚಿಮಟದಲ್ಲಿ ತೊಟ್ಟು ಹಿಡಿದು, ಹಳದಿ ಉಂಡೆಯನ್ನು ನೇರವಾಗಿ ಉಜ್ಜಿದರಾಯಿತು. ಹಸಿರು ನೆತ್ತಿಯ ಮೇಲೆ ಹಳದಿ ಮೆತ್ತಿಕೊಂಡದ್ದು ಬರಿಗಣ್ಣಿಗೆ ಕಾಣಬೇಕು. ಮರುದಿನ, ಅದರ ಮರುದಿನ ಅದೇ ಹೂವಿಗೆ ಮತ್ತೆ ಹಚ್ಚಿ.

ಎಲ್ಲಾ ಹೂವಿಗೂ ಹಚ್ಚುವ ಆಸೆಗೆ ಬೀಳಬೇಡಿ. ಒಂದು ಕಾಯಿಯಲ್ಲೇ ನೂರಕ್ಕೂ ಹೆಚ್ಚು ಬೀಜ ಇರಬಹುದು. ಎಪ್ಪತ್ತು ಕಾಯಿ ಹೊರಿಸಿದರೆ ಗಿಡ ಸೊರಗುತ್ತದೆ. ನಿಮ್ಮ ವಯಸ್ಸಿನ ಗಿಡಕ್ಕೆ ಹದಿನೈದು ಇಪ್ಪತ್ತು ಸಾಕು, ಮಿಕ್ಕ ತುದಿಯನ್ನು ಚಿವುಟಿ ಹಾಕಿ.

ನನ್ನ ಮೊದಲ ಸಲ ನಾನು ಚಿವುಟಲಿಲ್ಲ. ಆ ವರ್ಷ ಒಂದೇ ಒಂದು ಹೊಸ ಹೂಜಿ ಬಂತು, ಅದೂ ಹೆಬ್ಬೆರಳುದ್ದ.

ಕಿಟಕಿಬಳ್ಳಿ:
ಅಕ್ಕ, ಇದನ್ನು ಬರೆದಿಟ್ಟುಕೊಂಡೆ. ಯಾರ ಹತ್ತಿರವಾದರೂ ಗಂಡು ಹೂಬಿಟ್ಟಿದೆಯಾ?

ಮುಚ್ಚಳ:
ನನ್ನ ಗಂಡು ಮ್ಯಾಕ್ಸಿಮಾ (ಇನ್ನೊಂದು ನೆಪೆಂಥಿಸ್ ಜಾತಿ) ಈಗಷ್ಟೇ ಬಿರಿಯುತ್ತಿದೆ. ನಿಮ್ಮ ದಂಟು ಇನ್ನೂ ಎಳೆಯದು ಅಂದಿರಿ, ಮೊದಲ ಹೂವು ಬರಲು ಮೂರು ನಾಲ್ಕು ವಾರ ಬೇಕು. ಪರಾಗ ತೆಗೆದು ಫ್ರೀಜರಿನಲ್ಲಿ ಇಟ್ಟಿರುತ್ತೇನೆ, ನೀವು ಹೇಳಿದಾಗ ಕಳಿಸುತ್ತೇನೆ.

ನೇರಮಾತು:
ಫ್ರೀಜರ್ ಬೇಡವೇ ಬೇಡ. ನಾನು ಇಟ್ಟಿದ್ದೆ, ಎಲ್ಲಾ ಹಾಳಾಯಿತು. ಫ್ರಿಜ್ಜಿನ ಕೆಳಗಿನ ಖಾನೆ ಸಾಕು.

ಮುಚ್ಚಳ:
ನಾನು ಫ್ರೀಜರಿನಲ್ಲಿ ಆರು ತಿಂಗಳು ಇಟ್ಟ ಪರಾಗದಿಂದ ಬೀಜ ತೆಗೆದಿದ್ದೇನೆ. ನೀವು ಪೊಟ್ಟಣ ಹೊರತೆಗೆದ ತಕ್ಷಣ ಬಿಚ್ಚಿದಿರಾ?

ನೇರಮಾತು:
ಮತ್ತೆ? ಪೂಜೆ ಮಾಡಿ ಬಿಚ್ಚಬೇಕಿತ್ತಾ?

ಮುಚ್ಚಳ:
ಅರ್ಧ ಗಂಟೆ ಹೊರಗೆ ಇಟ್ಟು ಬಿಚ್ಚಬೇಕಿತ್ತು. ತಣ್ಣಗಿರುವ ಪುಡಿಗೆ ಬೆಚ್ಚನೆ ಗಾಳಿ ತಾಗಿದರೆ ನೀರು ಕೂರುತ್ತದೆ. ಪರಾಗ ಸಾಯುವುದು ಚಳಿಗಲ್ಲ, ತೇವಕ್ಕೆ. ನಾನು ಮಾಡುವುದು ಇಷ್ಟೇ. ಮಧ್ಯಾಹ್ನ ಹೂವು ಒಣಗಿರುವಾಗ ಕಪ್ಪು ಕಾಗದದ ಮೇಲೆ ತಟ್ಟುತ್ತೇನೆ, ಕಪ್ಪಿನ ಮೇಲೆ ಹಳದಿ ಚೆನ್ನಾಗಿ ಕಾಣುತ್ತದೆ. ಒಂದು ದಿನ ನೆರಳಲ್ಲಿ ಒಣಗಿಸಿ ಚಿಕ್ಕ ಚಿಕ್ಕ ಕಾಗದದ ಪೊಟ್ಟಣ ಕಟ್ಟುತ್ತೇನೆ. ಎಲ್ಲಾ ಪೊಟ್ಟಣ ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಗೆ. ಒಂದು ಸಲಕ್ಕೆ ಒಂದೇ ಪೊಟ್ಟಣ ಹೊರಗೆ. ತೆಗೆದದ್ದನ್ನು ಮತ್ತೆ ಒಳಗೆ ಇಡುವುದಿಲ್ಲ.

ನೇರಮಾತು:
ಸರಿ ಮಾರಾಯ, ಇದು ಮೊದಲೇ ಗೊತ್ತಿದ್ದರೆ ಒಂದು ಟ್ರಂಕಾಟಾ ಹೂವು ದಂಡ ಆಗುತ್ತಿರಲಿಲ್ಲ. ನಮ್ಮ ಮನೆಯವರಿಗೆ ಫ್ರಿಜ್ಜಿನಲ್ಲಿ ‘ಗಂಡು’ ಅಂತ ಬರೆದ ಡಬ್ಬಿ ಕಂಡು ಆದ ಗಲಾಟೆಯೂ ತಪ್ಪುತ್ತಿತ್ತು.

ಪಾಚಿಪುಟ್ಟ:
ಡಬ್ಬಿ ಬಿಡಿ, ಆ ವಾಸನೆಗೆ ಮನೆಯವರು ಏನೂ ಅನ್ನಲ್ವಾ? ನನ್ನ ಗಂಡು ಗಿಡ ಬಿರಿದಾಗ ಅಣಬೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಹಾಗೆ. ನೊಣಗಳಿಗೆ ಮಾತ್ರ ಸಂಭ್ರಮ.

ಸಾಲುಬೀಜ:
ಆ ನೊಣಗಳೇ ಕಾಡಿನಲ್ಲಿ ಕೆಲಸ ಮಾಡುವುದು, ರಾತ್ರಿ ಪತಂಗಗಳೂ ಬರುತ್ತವೆ. ಇಲ್ಲಿ ಒಂದು ಎಚ್ಚರ. ಒಂದಕ್ಕಿಂತ ಹೆಚ್ಚು ಗಂಡು ಗಿಡ ಹೂಬಿಟ್ಟಿದ್ದರೆ ಹೆಣ್ಣು ದಂಟಿಗೆ ತೆಳು ಬಲೆಯ ಚೀಲ ಕಟ್ಟಿ. ಇಲ್ಲದಿದ್ದರೆ ನೀವು ಒಂದು ತಂದೆಯ ಹೆಸರು ಬರೆದಿರುತ್ತೀರಿ, ನೊಣ ಇನ್ನೊಬ್ಬನನ್ನು ತಂದಿರುತ್ತದೆ.

ನೇರಮಾತು:
ಬಂದಿತಲ್ಲ ವಿಷಯಕ್ಕೆ. ನನಗೆ ಈ ವೆಂಟ್ರಾಟಾಕ್ಕೆ ಮ್ಯಾಕ್ಸಿಮಾ ಹಾಕುವುದೇ ಹಿಡಿಸುತ್ತಿಲ್ಲ. ವೆಂಟ್ರಾಟಾ ಈಗಾಗಲೇ ಬೆರಕೆ, ವೆಂಟ್ರಿಕೋಸಾ ಮತ್ತು ಅಲಾಟಾ. ಆ ಅಲಾಟಾ ಅಂದದ್ದನ್ನೂ ಈಗ ಗ್ರಾಸಿಲಿಫ್ಲೋರಾ ಅನ್ನುತ್ತಾರೆ. ಅದಕ್ಕೆ ಇನ್ನೊಂದು ಬೆರಕೆ. ಯಾರಿಗೆ ಬೇಕು? ಖಾಸಿಯಾನಾ ನೋಡಿ. ಭಾರತದಲ್ಲಿ ಕಾಡಿನಲ್ಲಿ ಬೆಳೆಯುವ ನೆಪೆಂಥಿಸ್ ಅದೊಂದೇ, ಮೇಘಾಲಯದ ಬೆಟ್ಟಗಳಲ್ಲಿ, ಅಲ್ಲೂ ಕಮ್ಮಿಯಾಗುತ್ತಿದೆ. ಕಾಡಿಗೆ ಕೈ ಹಾಕದೆ, ಈಗಾಗಲೇ ಬೆಳೆಸುವವರ ಹತ್ತಿರ ಇರುವ ಶುದ್ಧ ಜಾತಿಗಳ ಗಂಡು ಹೆಣ್ಣು ಸೇರಿಸಿ ಬೀಜ ಮಾಡಿದರೆ ಅರ್ಥವಿದೆ. ಈ ಬೆರಕೆ ಆಟ ಸುಮ್ನೆ ಜಾಗ ದಂಡ.

ಮುಚ್ಚಳ:
ಖಾಸಿಯಾನಾ ಮತ್ತು ರಾಜಾ, ಇವೆರಡೂ ಅಪರೂಪದ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಮೊದಲ ಪಟ್ಟಿಯಲ್ಲಿವೆ, ಗಡಿ ದಾಟಿಸಲು ಕಾಗದಪತ್ರ ಬೇಕು. ಹೊಸಬರು ಅಲ್ಲಿಂದ ಶುರು ಮಾಡಿ ಅಂದರೆ ಹೇಗೆ? ಬೆರಕೆ ಗಿಡ ಗಟ್ಟಿ, ಕೈ ಪಳಗುವುದೇ ಅದರಲ್ಲಿ. ಇದು ಇವತ್ತಿನ ಚಟವೂ ಅಲ್ಲ. ಇಂಗ್ಲೆಂಡಿನ ವೀಚ್ ನರ್ಸರಿಯಲ್ಲಿ ಜಾನ್ ಡಾಮಿನಿ 1862ರಲ್ಲೇ ಮೊದಲ ಬೆರಕೆ ಮಾಡಿ ತೋರಿಸಿದ್ದ. ಅದೇ ನರ್ಸರಿಯ ಮಿಕ್ಸ್ಟಾ, ನಾರ್ಥಿಯಾನಾ ಮತ್ತು ಮ್ಯಾಕ್ಸಿಮಾದ ಮಗು, 1893ರದ್ದು, ಇವತ್ತಿಗೂ ಕಟಿಂಗ್ ಮೇಲೆ ಕಟಿಂಗ್ ಆಗಿ ಬದುಕಿದೆ.

ನೇರಮಾತು:
ಅವರು ಸಾವಿರ ಸಸಿ ಬೆಳೆಸಿ ಒಂದನ್ನು ಇಟ್ಟುಕೊಳ್ಳುತ್ತಿದ್ದರು. ಈಗಿನವರು ಹತ್ತು ಬೆಳೆಸಿ ಹತ್ತಕ್ಕೂ ಹೆಸರಿಡುತ್ತಾರೆ.

ತೋಟದಕ್ಕ:
ಇದು ಮಾತ್ರ ನಿಜ. ಮುಚ್ಚಳ, ಕೋಪ ಮಾಡ್ಕೋಬೇಡಿ, ನಾನು ಇದರಲ್ಲಿ ನೇರಮಾತಿನ ಕಡೆ. ಒಂದೇ ಕಾಯಿಯ ನೂರು ಸಸಿ ನೂರು ಥರ ಇರುತ್ತವೆ. ಒಂದು ಗಿಡಕ್ಕೆ ತಳಿಯ ಹೆಸರು ಕೊಟ್ಟರೆ ಅದು ಆ ಗಿಡಕ್ಕೆ ಮತ್ತು ಅದರ ಕಟಿಂಗ್‌ಗೆ ಮಾತ್ರ, ಅಣ್ಣತಮ್ಮಂದಿರಿಗಲ್ಲ. ನೋಂದಣಿ ಮಾಡುವುದು ಇಂಟರ್‌ನ್ಯಾಷನಲ್ ಕಾರ್ನಿವೊರಸ್ ಪ್ಲಾಂಟ್ ಸೊಸೈಟಿ. ಉಳಿದವಕ್ಕೆಲ್ಲ ಅಪ್ಪ ಅಮ್ಮನ ಹೆಸರು ಬರೆದರೆ ಸಾಕು. ಅಮ್ಮನದು ಮೊದಲು. ವೆಂಟ್ರಾಟಾ × ಮ್ಯಾಕ್ಸಿಮಾ ಅಂದರೆ ಕಾಯಿ ಕಟ್ಟಿದ್ದು ವೆಂಟ್ರಾಟಾ.

ಹೊಸಬ:
ಬೆರಕೆ ಗಿಡ ಹೇಸರಗತ್ತೆಯ ಹಾಗೆ ಬಂಜೆ ಆಗಲ್ವಾ?

ಸಾಲುಬೀಜ:
ಇಲ್ಲಿ ಸಾಮಾನ್ಯವಾಗಿ ಆಗಲ್ಲ. ಎಣಿಸಿ ನೋಡಿದ ನೆಪೆಂಥಿಸ್ ಜಾತಿಗಳಲ್ಲೆಲ್ಲ ವರ್ಣತಂತು 80. ಲೆಕ್ಕ ಹೊಂದುವುದರಿಂದ ಬೆರಕೆಯ ಬೆರಕೆಗೂ ಬೀಜ ಕಟ್ಟುತ್ತದೆ. ಕಾಡಿನಲ್ಲೂ ತಾವಾಗಿ ಬೆರೆಯುತ್ತವೆ, ರಾಫ್ಲೆಸಿಯಾನಾ ಮತ್ತು ಆಂಪುಲೇರಿಯಾ ಸೇರಿ ಹುಕೆರಿಯಾನಾ ಆದ ಹಾಗೆ.

ಕಿಟಕಿಬಳ್ಳಿ:
(ಐದು ವಾರದ ನಂತರ) ಮುಚ್ಚಳ ಅವರ ಪೊಟ್ಟಣ ಬಂತು. ಉಗುರಿನ ತುದಿಯಷ್ಟು ಹಳದಿ ಪುಡಿ, ಬಿಚ್ಚುವಾಗ ಉಸಿರು ಬಿಗಿಹಿಡಿದಿದ್ದೆ. ಹದಿನೆಂಟು ಹೂವಿಗೆ ಹಚ್ಚಿದೆ, ಮೂರು ದಿನ ಮೂರು ಸಲ. ಹಚ್ಚಿದ ಹೂವುಗಳ ತೊಟ್ಟಿಗೆ ಕೆಂಪು ದಾರ ಕಟ್ಟಿದ್ದೇನೆ. ತುದಿ ಚಿವುಟುವಾಗ ಮಾತ್ರ ಕೈ ನಡುಗಿತು.

ಪಾಚಿಪುಟ್ಟ:
ಸೀನಲಿಲ್ಲ ತಾನೆ? ನಾನು ಒಮ್ಮೆ ಸೀನಿದ್ದೆ. ಅಲ್ಲಿಗೆ ಆ ವರ್ಷದ ತಳಿ ಕಾರ್ಯಕ್ರಮ ಮುಗಿಯಿತು.

ಕಿಟಕಿಬಳ್ಳಿ:
(ಇನ್ನೆರಡು ತಿಂಗಳ ನಂತರ) ಹದಿನೆಂಟರಲ್ಲಿ ಹನ್ನೊಂದು ನಿಂತಿವೆ. ಈ ಸಲದ ಕಾಯಿ ಹೋದ ಸಲದ್ದಕ್ಕಿಂತ ದಪ್ಪ, ನೋಡಿದರೇ ಗೊತ್ತಾಗುತ್ತದೆ. ಯಾವಾಗ ಕೀಳಲಿ?

ತೋಟದಕ್ಕ:
ಕೀಳಬೇಡಿ! ಹಸಿರು ಹೋಗಿ ಕಂದಾಗಿ, ತುದಿಯಲ್ಲಿ ಬಿರುಕು ಕಾಣುವ ತನಕ ಮುಟ್ಟಬೇಡಿ. ಆದರೆ ಇವತ್ತೇ ಚೀಲ ಕಟ್ಟಿ. ಖಾಲಿ ಚಹಾ ಚೀಲ ಆದರೂ ಆದೀತು. ಕಾಯಿ ನಾಲ್ಕು ಹೋಳಾಗಿ ಬಿರಿದರೆ ಫ್ಯಾನಿನ ಗಾಳಿಗೇ ಬೀಜ ಹಾರಿಹೋಗುತ್ತದೆ.

ಸಿಕ್ಕ ಕೂಡಲೇ ಬಿತ್ತಿ. ಇದರ ಬೀಜ ಇಟ್ಟುಕೊಂಡು ಕೂರುವಂಥದ್ದಲ್ಲ, ವಾರ ಕಳೆದಂತೆ ಮೊಳೆಯುವುದು ಇಳಿಯುತ್ತಾ ಹೋಗುತ್ತದೆ. ಸ್ಫ್ಯಾಗ್ನಮ್ ಸಣ್ಣಗೆ ಕತ್ತರಿಸಿ ಹಾಸಿ, ಮೇಲೆ ಉದುರಿಸಿ, ಬೀಜವನ್ನು ಪಾಚಿಯಡಿ ಮುಚ್ಚಬೇಡಿ, ಬೆಳಕು ಬೇಕು. ಜೀವಂತ ಪಾಚಿ ಬೇಡ, ಅದು ಸಸಿಯನ್ನು ನುಂಗಿಬಿಡುತ್ತದೆ. 25 ಡಿಗ್ರಿ ಆಸುಪಾಸು ಇದ್ದರೆ ಒಳ್ಳೆಯದು. ಗೊಬ್ಬರ ಅಂತೂ ಬೇಡ.

ನೇರಮಾತು:
ಎಲ್ಲಾ ಒಂದೇ ಡಬ್ಬಿಯಲ್ಲಿ ಬಿತ್ತಬೇಡಿ. ಬೂಷ್ಟು ಬಂದರೆ ಒಂದಾದರೂ ಉಳಿಯಲಿ. ಬೆರಕೆ ಆದರೂ ಪರವಾಗಿಲ್ಲ, ಸಾಯಲಿ ಅಂತ ನಾನೇನೂ ಹೇಳಿಲ್ಲ.

ಕಿಟಕಿಬಳ್ಳಿ:
(ಬಿತ್ತಿ 24ನೇ ದಿನ) ಗೆಳೆಯರೇ ಮೊಳಕೆ!!! ನಾಲ್ಕು! ಫೋಟೋ ಹಾಕಿದ್ದೇನೆ. ಹೃದಯದ ಆಕಾರದ ಪುಟ್ಟ ಹಸಿರು ಎಲೆ!

ಮುಚ್ಚಳ:
ಹೇಳಲು ಬೇಜಾರು. ಅದು ಜರೀಗಿಡ. ಪಾಚಿಯ ಜೊತೆ ಅದರ ಬೀಜಕಣ ಬಂದಿರುತ್ತದೆ. ಹೃದಯದ ಆಕಾರ ಅಂದ ಕೂಡಲೇ ಗೊತ್ತಾಯಿತು.

ಪಾಚಿಪುಟ್ಟ:
ನಾನು ಒಂದನ್ನು ಎಂಟು ತಿಂಗಳು ಸಾಕಿದ್ದೆ. ಹೆಸರೂ ಇಟ್ಟಿದ್ದೆ.

ಕಿಟಕಿಬಳ್ಳಿ:
(41ನೇ ದಿನ) ಈ ಸಲ ಗಡಿಬಿಡಿ ಮಾಡಲ್ಲ. ನೀವೇ ಹೇಳಿ. ಎರಡು ಎಲೆ, ಎದುರುಬದುರು, ಉದ್ದಕ್ಕೆ ಸಪೂರ. ಒಂದು ಎಲೆಯ ತುದಿಗೆ ಬೀಜದ ಒಣ ದಾರ ಟೋಪಿಯ ಹಾಗೆ ಇನ್ನೂ ಸಿಕ್ಕಿಕೊಂಡಿದೆ. ಎಳೆದು ತೆಗೆಯಲಾ?

ಸಾಲುಬೀಜ:
ಮುಟ್ಟಬೇಡಿ, ತಾನೇ ಬೀಳುತ್ತದೆ. ಇದು ಅದೇ. ಎಷ್ಟಿವೆ?

ಕಿಟಕಿಬಳ್ಳಿ:
ಮೊದಲ ಡಬ್ಬಿಯಲ್ಲಿ ಒಂಬತ್ತು. ಎರಡನೆಯದರಲ್ಲಿ ಬೂಷ್ಟು. ಮೂರನೆಯದರಲ್ಲಿ ಎಣಿಸಲು ಆಗಲಿಲ್ಲ, ಮುಚ್ಚಳದ ಒಳಗೆ ಹನಿ ಕೂತು ಮಸುಕಾಗಿದೆ. ತೆರೆಯಲು ಧೈರ್ಯ ಸಾಲುತ್ತಿಲ್ಲ.

ನೇರಮಾತು:
ತೆರೆಯಬೇಡಿ. ಎರಡನೆಯ ಡಬ್ಬಿಯನ್ನು ಮಾತ್ರ ಮೊದಲು ಬೇರೆ ಕೋಣೆಗೆ ಸಾಗಿಸಿ.

ಕಿಟಕಿಬಳ್ಳಿ:
ಸಾಗಿಸಿದೆ. ಮೊದಲ ಡಬ್ಬಿಯ ಒಂದು ಸಸಿಯಲ್ಲಿ ಎರಡು ಎಲೆಯ ನಡುವೆ ಇನ್ನೇನೋ ಬರುತ್ತಿದೆ. ಭೂತಗನ್ನಡಿಯಲ್ಲಿ ನೋಡಿದೆ. ಗುಂಡುಪಿನ್ನಿನ ತಲೆಗಿಂತ ಚಿಕ್ಕದು, ಊದಿಕೊಂಡಿದೆ, ಅದಕ್ಕೆ ಮುಚ್ಚಳ ಇದೆ! ಇಷ್ಟು ಬೇಗ ಹೂಜಿ ಬರುತ್ತಾ?

ತೋಟದಕ್ಕ:
ಬರುತ್ತದೆ, ಮೊದಲೆರಡು ಎಲೆ ಬಿಟ್ಟರೆ ಮಿಕ್ಕೆಲ್ಲಾ ಎಲೆಯೂ ಹೂಜಿಯೊಂದಿಗೇ ಹುಟ್ಟುವುದು.

ಹೊಸಬ:
ಇದು ಗಂಡಾ ಹೆಣ್ಣಾ?

ಪಾಚಿಪುಟ್ಟ:
ಹಬ್ಬುಬಳ್ಳಿ ಸಾರ್ ಅವರನ್ನು ಕೇಳಿ.

ಹಬ್ಬುಬಳ್ಳಿ77:
ನಗಬೇಡಿ ಅಂದಿದ್ದೆ. ಅಂದಹಾಗೆ ನನ್ನ ಕುಂಡದ ಎರಡೂ ಗಿಡದಲ್ಲಿ ದಂಟು ಬರುತ್ತಿದೆ, ಈ ಸಲ ಒಟ್ಟಿಗೆ. ಚಿಮಟ ಯಾವ ಅಳತೆಯದು ತರಲಿ?